ಅಕ್ಕಯಮ್ಮನ ಚೊಂಬು

ಲ್ಯಾಬಿನಲ್ಲಿ ದುಡಿಯುವವರ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ ನೋಡಿ. ನೀರಿನಲ್ಲಿ ಸೀಸವಿದ್ದರೆ ಹಳದಿಯಿಂದ ಕೆಂಪಿಗೆ ತಿರುಗುವ ಕಾಗದದ ಪಟ್ಟಿ ತಯಾರಿಸುವುದು ಪ್ರತಿಭಾಳ ಕೆಲಸ. ಶಂಕರಪುರಂನ ಮನೆಯಲ್ಲಿ ಆ ಬೆಳಿಗ್ಗೆ ಅವಳ ಕೂಸು ಆರಾಧನಾಳಿಗೆ ಮೊದಲ ಅನ್ನ ಉಣಿಸುವ ಶಾಸ್ತ್ರ. ಕೂಸಿನ ಹೊಟ್ಟೆಗೆ ಹೋಗುವ ನೀರಲ್ಲವೇ ಎಂದು ನಲ್ಲಿ, ಸಂಪು, ಫಿಲ್ಟರ್ ಮೂರಕ್ಕೂ ಪಟ್ಟಿ ಅದ್ದಿದಳು. ಮೂರೂ ಹಳದಿಯಾಗಿಯೇ ಉಳಿದವು. ಸದ್ಯ, ಎಂದುಕೊಂಡಳು.

"ಮೊದ್ಲು ಅಮ್ಮನ ಚೊಂಬಿಂದ ಒಂದು ಚಮಚ ಕುಡಿಸ್ಬಿಡೋಣ," ಎಂದ ಗಂಡ ಗೌರೀಶ್.

ಅತ್ತೆ ಅಕ್ಕಯಮ್ಮ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ದಿನಾ ಸಂಜೆ ಅವರ ಫೋಟೊ ಮುಂದೆ ಅವರದೇ ಹಿತ್ತಾಳೆ ಚೊಂಬಿನಲ್ಲಿ ನೀರಿಡುವುದು ಮನೆಯ ಪದ್ಧತಿ. ಉಳಿದಿದ್ದ ಒಂದು ಪಟ್ಟಿಯನ್ನು ಪ್ರತಿಭಾ ಸುಮ್ಮನೆ ಅದರಲ್ಲೂ ಅದ್ದಿದಳು.

ಪಟ್ಟಿಯ ತುದಿ ಕೆಂಪಾಯಿತು. ಕೆಂಪು ಮೆಲ್ಲಗೆ ಮೇಲೇರಿ ಅವಳ ಬೆರಳಿನ ಕಡೆಗೇ ಬರತೊಡಗಿತು.

"ಇದೂ ನಲ್ಲಿ ನೀರೇ ತಾನೇ?"

"ನಿನ್ನೆ ನಾನೇ ಹಿಡಿದಿಟ್ಟಿದ್ದು. ಯಾಕೆ?"

ಅವಳು ಚೊಂಬಿನೊಳಗೆ ಬಗ್ಗಿ ನೋಡಿದಳು. ಒಳಗಿನ ಕಲಾಯಿ ಮಂಕಾಗಿ ಬೂದು ತಿರುಗಿತ್ತು. ಮೂರು ವರ್ಷದ ಹಿಂದೆ ಬೀದಿಗೆ ಬಂದವನ ಕೈಲಿ ಅಗ್ಗಕ್ಕೆ ಕಲಾಯಿ ಹಾಕಿಸಿದವಳು ಅವಳೇ. ಆ ಪುಣ್ಯಾತ್ಮ ತವರಕ್ಕೆ ಸೀಸ ಬೆರೆಸಿದ್ದ.

ಅದಾದ ಮೇಲೆಯೇ ಅಲ್ಲವೇ ಅತ್ತೆ ನೀರಿಗೆ ಹೆದರತೊಡಗಿದ್ದು? "ಬ್ಯಾಡ ಕಣೇ. ಆ ನೀರಲ್ಲಿ ಯಾರೋ ಅವ್ರೆ. ಹೊಟ್ಟೇಲಿ ಕೂತ್ಕೊಂಡು ಕರುಳು ಹಿಂಡ್ತಾರೆ," ಎನ್ನುತ್ತಿದ್ದರು. ಕೈ ನಡುಗುತ್ತಿತ್ತು, ಮಾತು ತಪ್ಪುತ್ತಿತ್ತು. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರೆಲ್ಲ ನಕ್ಕಿದ್ದರು. ಒಳ್ಳೆಯ ಸೊಸೆ ಪ್ರತಿಭಾ ಮಾತ್ರ ಬಿಡಲಿಲ್ಲ. ಎಡಗೈಯಲ್ಲಿ ಗದ್ದ ಹಿಡಿದು, ಅದೇ ಚೊಂಬಿನ ನೀರನ್ನು ಎರಡು ವರ್ಷ ಚಮಚದಲ್ಲಿ ಕುಡಿಸಿದ್ದಳು. ಕೆಂಪಾದ ಪಟ್ಟಿಯನ್ನು ಹಿಡಿದು ಅವಳು ಫೋಟೊದ ಕಡೆ ತಿರುಗಿದಳು.

ಅಷ್ಟರಲ್ಲಿ ಗೌರೀಶ್ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಚೊಂಬಿನಿಂದ ಚಮಚ ತುಂಬಿಸಿದ್ದ. ಕೂಸು ಫೋಟೊದ ಕಡೆ ನೆಟ್ಟ ನೋಟ ನೋಡಿತು. ಆಮೇಲೆ ತುಟಿ ಬಿಗಿದು ಮುಖ ತಿರುಗಿಸಿತು, ಥೇಟ್ ಅಕ್ಕಯಮ್ಮನ ಹಾಗೆ.

"ಕುಡೀತಾನೇ ಇಲ್ಲ," ಎಂದ ಗೌರೀಶ್. "ಬಾ, ಅಮ್ಮಂಗೆ ಹಿಡ್ಕೋತಿದ್ಯಲ್ಲ, ಹಂಗೆ ಒಂದ್ಸಲ ಗದ್ದ ಹಿಡ್ಕೊ."

ಪ್ರತಿಭಾ ಬಲಗೈಯಲ್ಲಿ ಅವನ ಚಮಚ ಕಿತ್ತು ಬಿಸಾಡಿದಳು. ಅವಳ ಎಡಗೈ ಆಗಲೇ ಕೂಸಿನ ಗದ್ದ ಹಿಡಿದುಕೊಂಡಿತ್ತು.