ಮದ್ದು ಕೊಡದ ಇಲಿ

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಚೈತನ್ಯಾ ಮತ್ತು ಲಾಯ್ಡ್ ಒಬ್ಬರಿಗೊಬ್ಬರು ನಮಸ್ಕಾರ ಹೇಳುವುದನ್ನೂ ಬಿಟ್ಟು ಬಹಳ ದಿನವಾಗಿತ್ತು.

ಚೈತನ್ಯಾಳ ಇಲಿಗಳ ವಂಶವಾಹಿಯನ್ನು ತಿದ್ದಲಾಗಿತ್ತು. ಬಸುರಿ ಇಲಿಗೆ ಮದ್ದು ಕೊಟ್ಟರೆ ಭ್ರೂಣದ ಕೆಲವು ಜೀವಕೋಶಗಳು ಕೆಂಪಗೆ ಹೊಳೆಯುತ್ತವೆ. ಅವುಗಳಿಂದ ಹುಟ್ಟಿದ ಕೋಶಗಳೆಲ್ಲ ಕೆಂಪೇ. ಹೃದಯ ಯಾವ ಕೋಶಗಳಿಂದ ಬೆಳೆಯಿತೆಂದು ಹೀಗೆ ತಿಳಿಯುತ್ತದೆ. ಮದ್ದಿಲ್ಲದೆಯೇ ಕೆಂಪು ಬಂದರೆ ಆ ಗುರುತನ್ನು ನಂಬುವಂತಿಲ್ಲ, ಅವಳ ಪಿಎಚ್‌ಡಿ ನೀರುಪಾಲು.

ವಾರದ ಸಭೆಯಲ್ಲಿ ಲಾಯ್ಡ್ ಒಂದು ಚಿತ್ರವನ್ನು ಪರದೆಗೆ ಹಾಕಿದ. ಚೈತನ್ಯಾಳ ಇಲಿಗಳಲ್ಲಿ ಮದ್ದು ಕೊಡದ ಒಂದರ ಭ್ರೂಣದ ಹೃದಯ ಕೆಂಪಗಿತ್ತು.

"ಎಂತ ಚೈತನ್ಯಾ ಮೇಡಂ, ಇಷ್ಟು ವರ್ಷ ಸುಮ್ಮನೆ ಬಣ್ಣ ನೋಡಿದ್ದಾ?"

ಇಬ್ಬರ ಮಾರ್ಗದರ್ಶಕಿ ಪ್ರೊಫೆಸರ್ ರೇಚಲ್ ಅವಳತ್ತ ತಿರುಗಿದರು. "ಉತ್ತರ ಉಂಟಾ?"

"ಈ ಇಲಿ ನಾನಿಟ್ಟ ಪಂಜರದಲ್ಲೇ ಇತ್ತಾ ಲಾಯ್ಡ್?"

"ಇಲ್ಲ. ನನ್ನ ಇಲಿಗಳಿಗೆ ಜಾಗ ಬೇಕಿತ್ತು. ಮದ್ದು ಕೊಟ್ಟವುಗಳ ಒಟ್ಟಿಗೆ ಹಾಕಿದೆ. ಪಂಜರ ಎಂತ, ನಿಮ್ಮ ಅಪ್ಪನ ಮನೆಯದ್ದಾ?"

"ಇಲಿ ಇನ್ನೊಂದರ ಹಿಕ್ಕೆ ತಿನ್ನುತ್ತದೆ ಮಾರಾಯ್ರೆ. ಆ ಹಿಕ್ಕೆಯಲ್ಲಿ ಮದ್ದು ಉಂಟು. ಇಲಿ ಸಾಕುವವರಿಗೆ ಅಷ್ಟೂ ಗೊತ್ತಿಲ್ವಾ?"

ಯಾರೋ ನಕ್ಕರು. ರೇಚಲ್ ನಗಲಿಲ್ಲ. "ಬೇರೊಂದು ಬಸುರಿ ಇಲಿಯನ್ನು ಮದ್ದು ಕೊಡದೆ ಒಂಟಿಯಾಗಿಟ್ಟು ತೋರಿಸು, ಚೈತನ್ಯಾ. ಅಲ್ಲಿಯವರೆಗೆ ನಿನ್ನ ಪ್ರಬಂಧ ನಿಲ್ಲಲಿ."

ಚೈತನ್ಯಾ ಪಂಜರಕ್ಕೆ ಬೀಗ ಹಾಕಿ ಇಲಿ ಸಾಕಿದಳು. ಭ್ರೂಣ ಬೆಳೆದ ಮೇಲೆ ಅದರ ಹೃದಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೊದಲು ಲಾಯ್ಡ್‌ನನ್ನೇ ಕರೆದಳು. ಅವನು ಬಹಳ ಹೊತ್ತು ಕೆಂಪು ಹುಡುಕಿದ. ಒಂದು ಚುಕ್ಕೆಯೂ ಸಿಗಲಿಲ್ಲ.

"ನಿಮ್ಮ ಲೆನ್ಸ್ ಸರಿ ಇಲ್ಲ," ಎಂದ.

"ಲೆನ್ಸ್ ಸರಿ ಉಂಟು. ಏಳಿ, ರೇಚಲ್ ಮೇಡಂ ನೋಡಬೇಕು."