ಐವತ್ತೊಂಬತ್ತನೆಯ ಸ್ಲೈಡು

ಪ್ರತಿಭಾಗೆ ಧನುಶ್ರೀಯ ಕಣ್ಣು ಕಂಡರೆ ಹೊಟ್ಟೆಕಿಚ್ಚು. ಕಣ್ಣು ಚೆಂದವಿದೆ ಎಂದಲ್ಲ, ಅದು ಸೂಕ್ಷ್ಮದರ್ಶಕದಲ್ಲಿ ಏನನ್ನೂ ಬಿಡುವುದಿಲ್ಲ ಎಂದು. ಶಿವಾಜಿನಗರದ ಆ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಯಾವ ಗಂಟಿನ ಬಗ್ಗೆ ಅನುಮಾನ ಬಂದರೂ ಪ್ರತಿಭಾ ಮೇಡಂ ನೋಡಲಿ ಎನ್ನುತ್ತಿದ್ದರು. ಈಗ ಕೆ.ಆರ್. ಪುರದಿಂದ ಬರುವ ಈ ಹುಡುಗಿ, ಡಾಕ್ಟರಾಗಿ ಇನ್ನೂ ಎರಡು ವರ್ಷ ತುಂಬದವಳು, ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

ಹಿರಿಯ ಡಾಕ್ಟರ್ ಸಂಜೀವಪ್ಪ ಇಬ್ಬರಿಗೂ ಒಂದೇ ಕೆಲಸ ಕೊಟ್ಟಿದ್ದರು. ಹತ್ತು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಗಂಟು ತೆಗೆಸಿಕೊಂಡ ಎಂಬತ್ತು ಹೆಂಗಸರ ಸ್ಲೈಡುಗಳು, ತೆಗೆದ ಭಾಗದ ತೆಳು ಚೂರು ಅಂಟಿಸಿದ ಗಾಜುಗಳು. ಗಂಟು ಬೆಳೆಯಬೇಕಾದರೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಎಳೆದುಕೊಳ್ಳುತ್ತದೆ. ನಾಳ ಹೆಚ್ಚಿದ್ದವರಿಗೆ ಕಾಯಿಲೆ ಮರಳಿ ಬಂತೇ, ಕಡಿಮೆ ಇದ್ದವರು ಉಳಿದರೇ ಎಂದು ನೋಡುವುದು ಅವರ ಉದ್ದೇಶ. ಲ್ಯಾಬಿನಲ್ಲಿ ಹಾಕಿದ ಬಣ್ಣಕ್ಕೆ ನಾಳಗಳು ಕಂದಾಗಿ ಕಾಣುತ್ತವೆ. ಅವು ಎಲ್ಲಿ ಅತಿ ದಟ್ಟವೋ ಆ ಜಾಗ ಹುಡುಕಿ ಎಣಿಸಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಕೂಡದು. ಇರುವುದು ಅದೊಂದೇ ನಿಯಮ.

ಮೊದಲ ವಾರ ಐದು ಸ್ಲೈಡುಗಳಲ್ಲಿ ಇಬ್ಬರ ಲೆಕ್ಕ ತಾಳೆಯಾಗಲಿಲ್ಲ. ಸಂಜೀವಪ್ಪ ತಾವೇ ಎಣಿಸಿದರು. ನಾಲ್ಕರಲ್ಲಿ ಧನುಶ್ರೀ ಸರಿ. ಮೇಡಂ ದಟ್ಟ ಜಾಗ ಹುಡುಕುವುದರಲ್ಲಿ ಸ್ವಲ್ಪ ಅವಸರ ಮಾಡುತ್ತಾರೆ ಎಂದು ಅವರು ಮೆತ್ತಗೇ ಹೇಳಿದರು. ಆ ಮೆತ್ತಗಿನ ಮಾತು ಪ್ರತಿಭಾಳನ್ನು ಜೀವನ್ ಬಿಮಾ ನಗರದ ಮನೆಯ ತನಕ ಸುಟ್ಟಿತು. ನಿನ್ನೆ ಮೊನ್ನೆ ಬಂದವಳ ಮುಂದೆ ಅವಳ ಮರ್ಯಾದೆ ಹೋಗಿತ್ತು.

ಆಮೇಲೆ ಅವಳು ಕಳ್ಳತನಕ್ಕಿಳಿದಳು. ಧನುಶ್ರೀ ಟೀಗೆ ಹೋದಾಗ ಅವಳ ಹಾಳೆ ಮಗುಚಿ ನೋಡುವುದು, ಅಲ್ಲಿ ಅರವತ್ನಾಲ್ಕು ಇದ್ದರೆ ತಾನು ಅರವತ್ತೆರಡು ಬರೆಯುವುದು. ಮೊದಮೊದಲು ಸ್ಲೈಡನ್ನು ಒಮ್ಮೆಯಾದರೂ ನೋಡುತ್ತಿದ್ದಳು. ಬರಬರುತ್ತಾ ಅದನ್ನೂ ಬಿಟ್ಟಳು. ಈಗ ನಿಮ್ಮಿಬ್ಬರ ಕಣ್ಣೂ ಒಂದೇ ಆಯಿತು ಎಂದು ಸಂಜೀವಪ್ಪ ಹೊಗಳಿದಾಗ ಅವಳಿಗೆ ನಾಚಿಕೆಯೂ ಆಗಲಿಲ್ಲ, ನೋಡಿ.

ಕೊನೆಯ ದಿನ ಸಂಜೀವಪ್ಪ ಸುಮ್ಮನೆ ನಾಲ್ಕೈದು ಸ್ಲೈಡು ಪರೀಕ್ಷಿಸಿದರು. ಐವತ್ತೊಂಬತ್ತರಲ್ಲಿ ಗಂಟೇ ಇರಲಿಲ್ಲ, ಬರೀ ಕೊಬ್ಬು. ಹಾಳೆಗಳಲ್ಲಿ ಮಾತ್ರ ಅದರೆದುರು ಧನುಶ್ರೀಯ ಅರವತ್ನಾಲ್ಕು, ಪ್ರತಿಭಾಳ ಅರವತ್ತೆರಡು. ಗಂಟು ತುಂಬಿದ್ದ ಅರವತ್ತನೆಯ ಸ್ಲೈಡಿನೆದುರು ಇಬ್ಬರದೂ ಬರೀ ಅಡ್ಡಗೆರೆ, ಎಣಿಸಲು ಗಂಟಿಲ್ಲ ಎಂಬ ಗುರುತು.

ಧನುಶ್ರೀ ತಕ್ಷಣ ಒಪ್ಪಿಕೊಂಡಳು, ಸಾಲು ತಪ್ಪಿ ಬರೆದಿದ್ದಳಂತೆ. ಒಬ್ಬರಿಗೆ ಸಾಲು ತಪ್ಪಬಹುದು, ಇಬ್ಬರಿಗೂ ಒಂದೇ ಕಡೆ ಹೇಗೆ ತಪ್ಪುತ್ತದೆ? ಸಂಜೀವಪ್ಪ ಪ್ರತಿಭಾಳ ಕಡೆ ತಿರುಗಿದರು.

"ಟ್ರೇಲಿ ನಾನೇ ಎರಡನ್ನೂ ಅದಲುಬದಲು ಇಟ್ಬಿಟ್ಟಿದ್ದೆ ಸರ್," ಎಂದಳು ಧನುಶ್ರೀ. "ಅದಕ್ಕೇ ಮೇಡಂಗೂ ಹಂಗೇ ಬಂದಿದೆ."

ಅದು ಸುಳ್ಳು. ಹೇಳುವಾಗ ಅವಳು ಪ್ರತಿಭಾಳ ಮುಖ ನೋಡಲಿಲ್ಲ. ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು, ಎಂದಿನಿಂದಲೋ ಏನೋ. ಗೊತ್ತಿದ್ದೂ ಕಾಪಾಡುತ್ತಿದ್ದಳು. ಸುಮ್ಮನೆ ತಲೆಯಾಡಿಸಿದ್ದರೆ ಪ್ರತಿಭಾ ಪಾರಾಗುತ್ತಿದ್ದಳು. ಆದರೆ ಹೊಟ್ಟೆಯ ಕಿಚ್ಚು ಮೊದಲಿಗಿಂತ ಹೆಚ್ಚಾಗಿ ಎದ್ದಿತು. ಕಣ್ಣಿನಲ್ಲಿ ಗೆದ್ದದ್ದು ಸಾಲದೆಂದು ದೊಡ್ಡತನದಲ್ಲೂ ಇವಳೇ ಗೆಲ್ಲಬೇಕೇ?

ಹದಿನೆಂಟು ವರ್ಷ ಅದುಮಿಟ್ಟ ತನ್ನೂರು ಕಲಬುರಗಿಯ ಮಾತು ಬಾಯಿಗೆ ಬಂತು. "ಸುಳ್ಳರಿ ಸರ್. ನಾ ಆ ಸ್ಲೈಡ್ ನೋಡೇ ಇಲ್ಲ. ಇಕಿ ಬರದದ್ದು ಕದ್ದು ನೋಡಿ ಬರದೀನಿ."

ಯಾಕೆ ಎಂದು ಅವರು ಕೇಳಿದರು.

"ಇಕಿ ಕಣ್ಣು ನನ್ನ ಕಣ್ಣಿಗಿಂತ ಚಲೋ ಅದ. ಅದಕ್ಕ."

ಸಂಜೀವಪ್ಪ ಕೆಂಪು ಪೆನ್ನು ತೆಗೆದು ಪ್ರತಿಭಾಳ ಹಾಳೆಗೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. ಮೊದಲ ವಾರ ಅವಳು ತನ್ನ ಕಣ್ಣಿನಿಂದಲೇ ಎಣಿಸಿದ ಸ್ಲೈಡುಗಳ ಲೆಕ್ಕವೂ ಆ ಗೆರೆಯೊಂದಿಗೆ ರದ್ದಾಯಿತು.