ಒತ್ತಾಗಿ ಬಿತ್ತಿದ ಮೂಲಂಗಿ

ಬಿಸಿಲು ಇನ್ನೂ ನೀರಿನ ಟ್ಯಾಂಕಿನ ಆಚೆಗೇ ಇದೆ, ಟಬ್ಬಿನ ಮಣ್ಣು ತಣ್ಣಗಿದೆ, ಬೆರಳು ಊರಿದರೆ ಹಾಯೆನಿಸುತ್ತದೆ, ನಿನ್ನೆಯಿಡೀ ಕೈಗವಸಿನೊಳಗೆ ಬೆಂದ ಬೆರಳು — ಎಷ್ಟು ತೊಳೆದರೂ ಆ ರಬ್ಬರಿನ ವಾಸನೆ ಹೋಗುವುದಿಲ್ಲ, ಹೋಗದಿದ್ದರೆ ಬಿಡು, ಮಣ್ಣಿನ ವಾಸನೆ ಬಂದರೆ ಸಾಕು, ಬರುತ್ತಿದೆ, ಅಂದರೆ ಮೊದಲು ಮೂಗನ್ನೇ ಕೆಡಿಸುವ ಆ ರೋಗ ತನಗಿನ್ನೂ ಅಂಟಿಲ್ಲ, ದಿನಾ ಬೆಳಿಗ್ಗೆ ತಾರಸಿಗೆ ಬಂದು ಅವಳು ಮಾಡಿಕೊಳ್ಳುವ ಪರೀಕ್ಷೆ ಇದೊಂದೇ. ಮೂಲಂಗಿ ಅನ್ನುವುದಕ್ಕೂ ನಾಚಿಕೆಯಾಗಬೇಕು, ಒಂದನ್ನು ಎಳೆದು ನೋಡಿದರೆ ಗಡ್ಡೆಯೇ ಇಲ್ಲ, ಬರೀ ದಾರ, ಗಂಡ ನಕ್ಕದ್ದು ಸುಳ್ಳಲ್ಲ, ಇದನ್ನ ಹೆಚ್ಚೋಕಾಗಲ್ಲ ಕಣೇ, ಸೂಜಿಗೆ ಪೋಣಿಸ್ಬೇಕು. ಪೊಟ್ಟಣದ ಬೀಜವನ್ನೆಲ್ಲ ಒಂದೇ ಟಬ್ಬಿಗೆ ಸುರಿದವಳು ಅವಳೇ, ಆಸ್ಪತ್ರೆಯ ಮಾಲಿ ಆಗಲೇ ಹೇಳಿದ್ದರು, ಎಪ್ಪತ್ತರ ಹತ್ತಿರದ ಮನುಷ್ಯ, ಎಲ್ಲರ ಬಾಯಲ್ಲೂ ಗುದ್ದಲಿ ತಾತ — ನಾಲ್ಕೆಲೆ ಬಂದ ಕೂಡ್ಲೆ ನಾಲ್ಕು ಬೆರಳಿಗೊಂದು ಉಳಿಸಿ ಮಿಕ್ಕಿದ್ದು ಕಿತ್ತಾಕಮ್ಮ, ಇಲ್ದಿದ್ರೆ ಒಂದೂ ದಕ್ಕಲ್ಲ. ನಾಲ್ಕೆಲೆ ಬಂತು, ಆರು ಬಂತು, ಪ್ರತಿ ಬೆಳಿಗ್ಗೆ ಕೂತಳು, ಪ್ರತಿ ಬೆಳಿಗ್ಗೆ ಸುಮ್ಮನೆ ಎದ್ದಳು, ಕೈ ಬರಲಿಲ್ಲ, ಇದೂ ಬದುಕಲಿ, ಅದೂ ಬದುಕಲಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ವಾರ್ಡಿನಲ್ಲಿ ದಿನವಿಡೀ ಆರಿಸಿ ಆರಿಸಿ ಸಾಕಾಗಿದೆ, ಮನೆಯಲ್ಲೂ ಆರಿಸಬೇಕೇ.

ಡಾಕ್ಟರುಗಳಲ್ಲೇ ಅರ್ಧ ಜನ ರೋಗ ಅಂಟಿ ಮಲಗಿಬಿಟ್ಟ ಮೇಲೆ ಯಾರಿಗೆ ಹಾಸಿಗೆ ಎನ್ನುವುದು ವಾರ್ಡಿನ ಹಿರಿಯ ನರ್ಸಾದ ಅವಳ ಕುತ್ತಿಗೆಗೆ ಬಂತು, ನಿನ್ನೆ ಸಂಜೆ ಒಂದೇ ಹಾಸಿಗೆ, ಅದರ ತಲೆಗೊಂದು ಆಕ್ಸಿಜನ್ ಪೈಪು, ಬಾಗಿಲಲ್ಲಿ ಇಬ್ಬರು, ಒಬ್ಬಳು ಹಾಲು ಕುಡಿಯುವ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವಳು, ಇನ್ನೊಬ್ಬರು ಗುದ್ದಲಿ ತಾತ, ಉಗುರಿನಲ್ಲಿ ಇನ್ನೂ ಮಣ್ಣು. ಅವಳು ಬಾಯಿ ತೆರೆಯುವ ಮೊದಲೇ ಅವರೇ ಅಂದರು, ಆ ಹುಡುಗಿಗೆ ಕೊಡಮ್ಮ, ನಾನು ಕೂತಿರ್ತೀನಿ. ಕೂತರು, ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿಯ ಮೇಲೆ, ಹೆಸರು ಕೂಗುವುದನ್ನೇ ಕಾಯುವವರ ಹಾಗೆ. ಸದ್ಯ, ಅವರೇ ಹೇಳಿಬಿಟ್ಟರಲ್ಲ ಎಂದು ಅವಳಿಗೆ ಹಗುರಾಯಿತು, ಹೌದು, ಹಗುರಾಯಿತು, ಅದೇ ಈಗ ಒಳಗೆ ಚುಚ್ಚುತ್ತಿರುವುದು, ಥೂ, ಮನೆಗೆ ಬಂದಳು, ಉಂಡಳು, ಸತ್ತವಳ ಹಾಗೆ ನಿದ್ದೆಯನ್ನೂ ಮಾಡಿದಳು, ತಾತ ಹೇಗಿದ್ದಾರೆ ಎಂದು ಒಂದು ಫೋನು ಮಾಡಲಿಲ್ಲ, ಕೇಳಿದರೆ ಉತ್ತರ ಬರುತ್ತದಲ್ಲ. ಬೆನ್ನು ನೆಟ್ಟಗೆ, ಮಂಡಿಯ ಮೇಲೆ ಕೈ. ಇವತ್ತು ಕೀಳಲೇಬೇಕು, ಒಂದು ಕಿತ್ತಳು, ಇನ್ನೊಂದು, ಸೊರಗಿದ್ದನ್ನು ಕೀಳು ಗಟ್ಟಿಯದನ್ನು ಬಿಡು ಅಂದಿದ್ದರು, ಗಟ್ಟಿ ಯಾವುದು, ಎಲ್ಲದರ ಎಲೆಯೂ ಹಸಿರೇ, ಯಾವುದು ಗಡ್ಡೆ ಕಟ್ಟುತ್ತದೆ ಎಂದು ಮೇಲಿನಿಂದ ನೋಡಿದರೆ ಯಾರಪ್ಪನಿಗೆ ಗೊತ್ತಾಗುತ್ತದೆ, ತಾತನಿಗೂ ಗೊತ್ತಾಗುತ್ತಿರಲಿಲ್ಲ, ಅಂದಾಜಿನ ಮೇಲೆ ಕಿತ್ತು ಮುಂದಿನ ಮಡಿಗೆ ಹೋಗುತ್ತಿದ್ದರು, ತಿರುಗಿ ನೋಡುತ್ತಿರಲಿಲ್ಲ, ಇದರಿಂದ ಕಲಿಯುವುದೇನಾದರೂ ಇದ್ದರೆ ಅಷ್ಟೇ, ಅದೂ ಅವಳಿಗೆ ಬರಲಿಲ್ಲ.

ಫೋನು, ರಾತ್ರಿ ಪಾಳಿಯ ಚಿಕ್ಕ ನರ್ಸು, ದನಿ ಸೋತಿದೆ, ಅಕ್ಕಾ, ಹಾಸಿಗೆ ಖಾಲಿ ಆಯ್ತು, ನಿನ್ನೆ ಸಂಜೆ ಕೊಟ್ರಲ್ಲ, ಅದೇ. ಆ ತಾಯಿ, ಹಾಗಾದರೆ ಆ ತಾಯಿ ಹೋದಳು, ಎಲ್ಲೋ ಒಂದು ಮನೆಯಲ್ಲಿ ಮಗು ಈಗ ಎದ್ದು ಹಾಲಿಗೆ ಅಳುತ್ತಿರಬಹುದು, ತಾತ ಕೊಟ್ಟದ್ದೂ ದಕ್ಕಲಿಲ್ಲ ಅವಳಿಗೆ. ತಾತ ಇನ್ನೂ ಕೂತೇ ಇದಾರಕ್ಕಾ, ಉಸಿರು ಮಾತ್ರ ಜೋರಾಗಿದೆ, ಆದ್ರೆ ಬಾಗಿಲಲ್ಲಿ ಇನ್ನೊಬ್ಬ ಬಂದಿದಾನೆ, ಇಪ್ಪತ್ತೈದೂ ಇಲ್ಲ, ಅವನದೂ ಹಾಗೇ, ಯಾರಿಗೆ ಕೊಡ್ಲಿ. ತಾತನಿಗೆ ಕೊಡು, ಅಂದಳು. ಯಾಕೆ, ಇನ್ನೊಂದು ಸಲ ಅವರನ್ನು ಕೂರಿಸುವುದು ಅವಳ ಕೈಲಾಗುವುದಿಲ್ಲ, ಅಷ್ಟೇ. ಈ ಹುಡುಗನ್ನ ಏನ್ ಮಾಡ್ಲಿ ಅಕ್ಕಾ. ಕುರ್ಚಿ ಖಾಲಿ ಆಗತ್ತಲ್ಲ, ಕೂರ್ಸು. ಹಾಗೆ ಅಂದದ್ದು ತಾನೇ, ತನ್ನದೇ ದನಿ, ಮಣ್ಣಾದ ಕೈಯಲ್ಲಿ ಫೋನು, ಮುಖ ಗೊತ್ತಿಲ್ಲದ ಹುಡುಗ, ಗೋಡೆ ಪಕ್ಕ, ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿಯ ಮೇಲೆ — ಕೈ — ಮಂಡಿಯ ಮೇಲೆ ಕೈ